ಬಾಟಲಿಯ ಚಿಂತೆ ಆಮೇಲೆ, ಮೊದಲು ಭಾಷೆ!

ಜಪಾನಿಗೆ ಹೊರಟ ಪತಿರಾಯರು ಅಲ್ಲಿ ವಿಸ್ಕಿ ಕಲಿತುಬಿಟ್ಟರೆ ಎಂಬ ಭಯ ಅನೇಕ ಗೃಹಿಣಿಯರಿಗೆ. ಆದರೆ ನಿಜವಾಗಿ ಭಯಪಡಬೇಕಾದ ಸಂಗತಿ ಬೇರೆಯೇ ಇದೆ.

"ಇವರಿಗೆ ಜಪಾನ್ ಪ್ರಾಜೆಕ್ಟ್ ಬಂದಿದೆ ಕಣೇ, ಎರಡು ವರ್ಷ!"

ಜಯನಗರ ನಾಲ್ಕನೇ ಬ್ಲಾಕಿನಲ್ಲಿ ತರಕಾರಿ ಆರಿಸುವಾಗಲೋ, ಜೆ.ಪಿ. ನಗರದ ಪಾರ್ಕಿನಲ್ಲಿ ವಾಕಿಂಗ್ ಮಾಡುವಾಗಲೋ ಇಂಥ ಮಾತು ಕಿವಿಗೆ ಬೀಳುವುದು ಈಗ ಅಪರೂಪವೇನಲ್ಲ. ಮೊದಲೆಲ್ಲ ಆನ್‌ಸೈಟ್ ಅಂದರೆ ಅಮೆರಿಕ, ತಪ್ಪಿದರೆ ಲಂಡನ್. ಈಗ ಟೋಕಿಯೋ, ಒಸಾಕಾ, ನಗೋಯಾ ಹೆಸರುಗಳೂ ನಮ್ಮ ಅಡುಗೆಮನೆಗಳಲ್ಲಿ ಓಡಾಡುತ್ತಿವೆ. ಸುದ್ದಿ ಕೇಳಿದ ಕೂಡಲೇ ನೆಂಟರಿಷ್ಟರು ಕೇಳುವ ಪ್ರಶ್ನೆ ಎರಡೇ ಎರಡು. ಒಂದು, "ಊಟಕ್ಕೆ ಏನು ಮಾಡ್ತೀರಾ?" ಎರಡನೆಯದು ಸ್ವಲ್ಪ ದನಿ ತಗ್ಗಿಸಿ, "ಅಲ್ಲಿ ಆಫೀಸಿನವರೆಲ್ಲ ರಾತ್ರಿ ಕೂತು ಕುಡೀತಾರಂತೆ, ಹೌದಾ?"

"ನಿಮಗೆ ಜಪಾನೀಸ್ ಬರತ್ತಾ?" ಅಂತ ಕೇಳುವವರು ಮಾತ್ರ ತೀರಾ ಕಡಿಮೆ. ನನ್ನ ಪ್ರಕಾರ ಮೊದಲು ಕೇಳಬೇಕಾದ ಪ್ರಶ್ನೆ ಅದೇ. ಉಳಿದೆರಡು ಪ್ರಶ್ನೆಗಳಿಗೂ ಉತ್ತರ ಸಿಗುವುದು ಅದರಲ್ಲೇ. ಹೇಗೆ ಅಂತೀರಾ? ನೋಡೋಣ ಬನ್ನಿ.

ಆಫೀಸಿನ ಎರಡನೇ ಪಾಳಿ

ಜಪಾನಿನಲ್ಲಿ ಕೆಲಸ ಮುಗಿದ ಮೇಲೆ ಸಹೋದ್ಯೋಗಿಗಳೆಲ್ಲ ಸೇರಿ ಕುಡಿಯುತ್ತಾ ತಿನ್ನುತ್ತಾ ಕೂರುವ ಕೂಟಕ್ಕೆ 'ನೋಮಿಕಾಯ್' ಎನ್ನುತ್ತಾರೆ. 'ಇಝಕಾಯಾ' ಎಂಬ ಚಿಕ್ಕ ಊಟ-ಪಾನದ ಅಂಗಡಿಗಳಲ್ಲಿ ಇದು ನಡೆಯುತ್ತದೆ. ಡಿಸೆಂಬರ್ ಬಂತೆಂದರೆ ಹಳೇ ವರ್ಷ ಮರೆಯುವ ಕೂಟ ಬೇರೆ. ಹಗಲಿಡೀ ಬಾಸ್ ಎದುರು ತಲೆತಗ್ಗಿಸಿ ಕೂತವರು ಇಲ್ಲಿ ಮನಸ್ಸು ಬಿಚ್ಚುತ್ತಾರೆ. ಯಾರಿಗೆ ಯಾವ ಕೆಲಸ ಕಷ್ಟವಾಗಿದೆ, ಮುಂದಿನ ಪ್ರಾಜೆಕ್ಟ್ ಯಾರಿಗೆ ಹೋಗಲಿದೆ ಎಂಬ ನಿಜವಾದ ಮಾತುಗಳು ಹೊರಬೀಳುವುದು ಇಲ್ಲೇ. ಒಂಥರಾ ಆಫೀಸಿನ ಎರಡನೇ ಪಾಳಿ ಅನ್ನಿ!

ಇಲ್ಲಿ ಒಂದು ಪದ್ಧತಿಯಿದೆ. ತನ್ನ ಗ್ಲಾಸಿಗೆ ತಾನೇ ಸುರಿದುಕೊಳ್ಳುವಂತಿಲ್ಲ. ಪಕ್ಕದವರ ಗ್ಲಾಸು ಖಾಲಿಯಾದರೆ ನೀವು ತುಂಬಬೇಕು, ನಿಮ್ಮದನ್ನು ಅವರು ತುಂಬುತ್ತಾರೆ. ಹಬ್ಬದೂಟದಲ್ಲಿ ನಮ್ಮ ಕಡೆ "ಇನ್ನೊಂದು ಹೋಳಿಗೆ, ಇನ್ನೊಂದೇ ಒಂದು" ಅಂತ ಬಲವಂತ ಮಾಡುವ ಹಾಗೆ! ಹೋಳಿಗೆ ಬೇಡ ಅನ್ನಲು ಎಲೆಯ ಮೇಲೆ ಕೈ ಅಡ್ಡ ಹಿಡಿಯುವುದು ನಮಗೆ ಗೊತ್ತು. ಅಲ್ಲಿನ ಉಪಾಯವೂ ಸುಲಭವೇ. ಗ್ಲಾಸು ತುಂಬಿದ್ದರೆ ಯಾರೂ ಮತ್ತೆ ಸುರಿಯುವುದಿಲ್ಲ. ಗುಟುಕು ಗುಟುಕಾಗಿ ಹೀರುತ್ತಾ ಅದನ್ನು ತುಂಬಿಯೇ ಇಟ್ಟುಕೊಂಡರಾಯಿತು.

ಕುಡಿಯದವರು ಊಲಾಂಗ್ ಟೀ ಹಿಡಿದು ಕೂತರೂ ಯಾರೂ ಹುಬ್ಬೇರಿಸುವುದಿಲ್ಲ. ಬಲವಂತವಾಗಿ ಕುಡಿಸುವುದನ್ನು ಕಿರುಕುಳ ಎಂದೇ ಅಲ್ಲಿನವರು ಕರೆಯುತ್ತಾರೆ, ಅದಕ್ಕೆ 'ಅರುಹಾರಾ' ಎಂಬ ಪದವೂ ಇದೆ. ಈಗಿನ ಜಪಾನಿನ ಯುವಕರು ಕುಡಿಯುವುದೂ ಕಡಿಮೆಯಾಗಿದೆ. ಎಷ್ಟು ಕಡಿಮೆ ಎಂದರೆ ಮದ್ಯದ ತೆರಿಗೆ ಖೋತಾ ಆಗುತ್ತಿದೆಯೆಂದು 2022ರಲ್ಲಿ ಅಲ್ಲಿನ ತೆರಿಗೆ ಇಲಾಖೆಯೇ ಯುವಕರು ಕುಡಿಯುವಂತೆ ಮಾಡಲು ಐಡಿಯಾ ಕೊಡಿ ಎಂದು ಸ್ಪರ್ಧೆ ಏರ್ಪಡಿಸಿತ್ತು! ಹಾಗಾಗಿ "ಜಪಾನಿಗೆ ಹೋದ್ಮೇಲೆ ಕುಡೀಲೇಬೇಕು, ಇಲ್ಲದಿದ್ರೆ ಕೆಲಸ ನಡೆಯಲ್ಲ" ಎಂದು ಯಾರಾದರೂ ಹೇಳಿದರೆ ಪೂರ್ತಿ ನಂಬಬೇಡಿ. ಕೂಟಕ್ಕೆ ಹೋಗುವುದು ಮುಖ್ಯ. ಗ್ಲಾಸಿನಲ್ಲಿ ಏನಿದೆ ಎನ್ನುವುದು ಅಷ್ಟು ಮುಖ್ಯವಲ್ಲ.

ಹಾಗಾದರೆ ಚಟ ಅಂಟುವುದು ಎಲ್ಲಿ?

ನನಗೆ ಗೊತ್ತಿರುವ ಬನಶಂಕರಿಯ ಗೆಳತಿಯೊಬ್ಬಳ ಪತಿಯ ವಿಷಯ ಕೇಳಿ. ಕಂಪನಿಯವರು "ಇಂಗ್ಲಿಷ್ ಸಾಕು, ಕ್ಲೈಂಟ್ ಮ್ಯಾನೇಜ್ ಮಾಡ್ತಾರೆ" ಎಂದು ಹೇಳಿ ಕಳಿಸಿದರು. ಮೀಟಿಂಗೇನೋ ಇಂಗ್ಲಿಷಿನಲ್ಲೇ ನಡೆಯುತ್ತಿತ್ತು. ಆದರೆ ಮೀಟಿಂಗಿಗೆ ಮೊದಲಿನ ಐದು ನಿಮಿಷ, ಮುಗಿದ ನಂತರದ ಹತ್ತು ನಿಮಿಷ, ಮಧ್ಯಾಹ್ನದ ಊಟ, ಲಿಫ್ಟಿನ ಹರಟೆ ಎಲ್ಲವೂ ಜಪಾನೀಸ್. ಅವರಿಗೆ ಬರುತ್ತಿದ್ದದ್ದು 'ಅರಿಗಾತೊ', 'ಸುಮಿಮಾಸೆನ್' ಇಂಥ ಹತ್ತಿಪ್ಪತ್ತು ಪದ.

ನೋಮಿಕಾಯ್‌ನಲ್ಲಿ ಮಾತ್ರ ಅವರಿಗೆ ಹಗುರ ಅನಿಸುತ್ತಿತ್ತಂತೆ. ವಿಸ್ಕಿಗೆ ಸೋಡಾ ಬೆರೆಸಿದ 'ಹೈಬೋರು' ಕೈಯಲ್ಲಿದ್ದರೆ ವ್ಯಾಕರಣ ಬೇಡ. 'ಕಾಂಪಾಯ್' ಅಂದರೆ ಎಲ್ಲರೂ ನಗುತ್ತಾರೆ, ಬೆನ್ನು ತಟ್ಟುತ್ತಾರೆ, ತಾನೂ ಅವರಲ್ಲೊಬ್ಬ ಎನಿಸುತ್ತದೆ. ಆದರೆ ಮರುದಿನ ಬೆಳಿಗ್ಗೆ ಅದೇ ಜನ ಅದೇ ಲಿಫ್ಟಿನಲ್ಲಿ ತಲೆಬಾಗಿ ಸುಮ್ಮನಾಗುತ್ತಾರೆ! ಹಾಗೆ ಸುಮ್ಮನೆ ಕಳೆದ ಹಗಲಿನ ಬೇಸರ ರಾತ್ರಿ ಫ್ಲ್ಯಾಟಿಗೆ ಹೋದಾಗ ಕಾಡುತ್ತದೆ. ಕೆಳಗೇ ಇಪ್ಪತ್ನಾಲ್ಕು ಗಂಟೆ ತೆರೆದಿರುವ ಅಂಗಡಿ. ಹಾಲು, ಬ್ರೆಡ್ಡಿನ ಪಕ್ಕದಲ್ಲೇ ವಿಸ್ಕಿ. ಕೂಟದಲ್ಲಿ ವಾರಕ್ಕೊಮ್ಮೆ ಇದ್ದದ್ದು ಒಂಟಿ ಕೋಣೆಯಲ್ಲಿ ದಿನಾ ಆಗಲು ಎಷ್ಟು ಹೊತ್ತು ಬೇಕು ಹೇಳಿ?

ಈ ಕಥೆಯಲ್ಲಿ ತಪ್ಪಿತಸ್ಥರು ಯಾರು? ನಾವು ಬಾಟಲಿ ಕಡೆ ಬೆರಳು ತೋರಿಸುತ್ತೇವೆ. ಅವರಿಗೆ ಅಲ್ಲಿ ಮಾತಾಡಲು ಯಾರೂ ಇರಲಿಲ್ಲ ಎಂಬುದು ನಮ್ಮ ಗಮನಕ್ಕೇ ಬರುವುದಿಲ್ಲ. ನಾಲ್ಕು ಜನರ ಜೊತೆ ಊಟದೊಂದಿಗೆ ರುಚಿ ನೋಡುವುದು ಒಂದು ಥರ. ಮಾತಿಲ್ಲದ ಖಾಲಿತನ ತುಂಬಲು ಒಬ್ಬನೇ ಕೂತು ಕುಡಿಯುವುದು ಇನ್ನೊಂದು ಥರ. ಮೊದಲನೆಯದಕ್ಕೆ ಮಿತಿ ಹಾಕಿಕೊಳ್ಳಬಹುದು. ಎರಡನೆಯದಕ್ಕೆ ಬೇಕಾದದ್ದು ಮಾತಾಡಲು ಜನ, ಮಾತಾಡಲು ಭಾಷೆ.

ವಿಸ್ಕಿ ಕಲಿಯಲು ಹೋದವನ ಕಥೆ

ಜಪಾನೀ ವಿಸ್ಕಿ ಹುಟ್ಟಿದ್ದೂ ಪರದೇಶದಲ್ಲಿ ಅರೆಬರೆ ಭಾಷೆಯೊಂದಿಗೆ ಕೆಲಸ ಕಲಿತವನೊಬ್ಬನಿಂದ ಎಂಬುದು ನಿಮಗೆ ಗೊತ್ತೇ? ಮಸತಾಕಾ ತಾಕೆತ್ಸುರು ಹುಟ್ಟಿದ್ದು 1894ರಲ್ಲಿ, ಹಿರೋಷಿಮಾ ಪ್ರಾಂತ್ಯದಲ್ಲಿ ಅಕ್ಕಿಯಿಂದ 'ಸಾಕೆ' ಎಂಬ ಮದ್ಯ ತಯಾರಿಸುವ ಮನೆತನದಲ್ಲಿ. ಒಸಾಕಾದ ಕಂಪನಿಯೊಂದು ಅವರನ್ನು 1918ರಲ್ಲಿ ಸ್ಕಾಟ್ಲೆಂಡಿಗೆ ಕಳುಹಿಸಿತು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಆನ್‌ಸೈಟ್! ಗ್ಲಾಸ್ಗೋದಲ್ಲಿ ಓದುತ್ತಾ, ವಿಸ್ಕಿ ಕಾರ್ಖಾನೆಗಳಲ್ಲಿ ಕೆಲಸ ಕಲಿಯುತ್ತಾ, ಕಂಡದ್ದನ್ನೆಲ್ಲ ಚಿತ್ರ ಸಮೇತ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡರು. ಆ ನೋಟ್‌ಬುಕ್ಕೇ ಜಪಾನೀ ವಿಸ್ಕಿಯ ಮೊದಲ ಪಾಠ ಆಯಿತು.

ಅಲ್ಲೇ ರೀಟಾ ಕೊವಾನ್ ಎಂಬ ಸ್ಕಾಟಿಷ್ ಹುಡುಗಿಯ ಪರಿಚಯವಾಯಿತು. ಎರಡೂ ಮನೆಯವರ ವಿರೋಧದ ನಡುವೆ 1920ರ ಜನವರಿಯಲ್ಲಿ ಮದುವೆ. ಅದೇ ವರ್ಷ ರೀಟಾ ಗಂಡನ ಜೊತೆ ಹಡಗು ಹತ್ತಿ ಜಪಾನಿಗೆ ಬಂದರು. ಭಾಷೆ ಬಾರದು, ಊಟ ಬೇರೆ, ಕೂರುವ ನಿಲ್ಲುವ ರೀತಿ ಬೇರೆ. ನಮ್ಮ ಡಿಪೆಂಡೆಂಟ್ ವೀಸಾ ಗೃಹಿಣಿಯರ ಪಾಡನ್ನು ನೂರು ವರ್ಷ ಮೊದಲೇ ಅನುಭವಿಸಿದ ಹೆಣ್ಣುಮಗಳು ಆಕೆ.

ಆದರೆ ರೀಟಾ ಮೂಲೆಯಲ್ಲಿ ಕೂರಲಿಲ್ಲ. ಜಪಾನೀಸ್ ಕಲಿತರು, ಜಪಾನೀ ಅಡುಗೆ ಕಲಿತರು, ಅಲ್ಲಿನ ಉಪ್ಪಿನಕಾಯಿ ಹಾಕುವುದನ್ನೂ ಕಲಿತರು. ತಾಕೆತ್ಸುರು ಹಳೇ ಕಂಪನಿ ಬಿಟ್ಟು ಕೆಲಸವಿಲ್ಲದೆ ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗ ಇಂಗ್ಲಿಷ್ ಮತ್ತು ಪಿಯಾನೋ ಕಲಿಸಿ ಸಂಸಾರಕ್ಕೆ ಹೆಗಲು ಕೊಟ್ಟರು. ಆಮೇಲೆ ಶಿಂಜಿರೊ ತೊರಿಯಿ ಎಂಬ ವ್ಯಾಪಾರಿ 1923ರಲ್ಲಿ ಕ್ಯೋಟೋ ಬಳಿ ಯಮಜಾಕಿಯಲ್ಲಿ ಕಾರ್ಖಾನೆ ಶುರುಮಾಡಿ ತಾಕೆತ್ಸುರುವನ್ನು ಕರೆಸಿಕೊಂಡರು. ಹತ್ತು ವರ್ಷದ ಬಳಿಕ, 1934ರಲ್ಲಿ ತಾಕೆತ್ಸುರು ಉತ್ತರದ ಹೊಕ್ಕೈಡೊದ ಯೊಇಚಿ ಎಂಬ ಚಳಿ ಊರಿನಲ್ಲಿ ಸ್ವಂತ ಕಂಪನಿ ತೆರೆದರು. ಅದೇ ಮುಂದೆ 'ನಿಕ್ಕಾ' ಆಯಿತು. ವಿಸ್ಕಿ ಮಾಗಲು ವರ್ಷಗಟ್ಟಲೆ ಬೇಕಲ್ಲ, ಅಲ್ಲಿವರೆಗೆ ಹೊಟ್ಟೆಪಾಡಿಗೆ ಅವರು ಮಾರಿದ್ದು ಸೇಬಿನ ಜ್ಯೂಸು!

ಈ ಕಂಪನಿಗೆ ಬಂಡವಾಳ ಹಾಕಿದವರಲ್ಲಿ ರೀಟಾ ಇಂಗ್ಲಿಷ್ ಪಾಠ ಹೇಳುತ್ತಿದ್ದ ಮನೆಯವರೂ ಇದ್ದರು ಎಂಬುದನ್ನು ಗಮನಿಸಿ. ಹೆಂಡತಿ ನಾಲ್ಕು ಮನೆಯವರೊಡನೆ ಬೆರೆತದ್ದು ಗಂಡನ ಕನಸಿಗೆ ಆಧಾರವಾಯಿತು. ಹಾಗಂತ ಎಲ್ಲವೂ ಸುಖವಾಗಿರಲಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ರೀಟಾ ಶತ್ರುದೇಶದ ಹೆಂಗಸೆಂದು ಪೊಲೀಸರ ಅನುಮಾನದ ಕಣ್ಣಿನಡಿ ಬದುಕಬೇಕಾಯಿತು. ಆದರೂ ಊರು ಬಿಡಲಿಲ್ಲ. 1961ರಲ್ಲಿ ತೀರಿಕೊಂಡರು. ಯೊಇಚಿಯ ಮುಖ್ಯರಸ್ತೆಗೆ ಈಗ ರೀಟಾ ಹೆಸರಿದೆ. ಈ ದಂಪತಿಯ ಬದುಕನ್ನು ಆಧರಿಸಿದ 'ಮಸ್ಸನ್' ಎಂಬ ಧಾರಾವಾಹಿ 2014-15ರಲ್ಲಿ ಜಪಾನಿನ ಎನ್‌ಎಚ್‌ಕೆ ಟೀವಿಯಲ್ಲಿ ಪ್ರಸಾರವಾಯಿತು. ಅದರ ನಾಯಕಿಯಾಗಿ ಬಂದ ಅಮೆರಿಕದ ಷಾರ್ಲೆಟ್ ಕೇಟ್ ಫಾಕ್ಸ್‌ಗೂ ಶುರುವಿನಲ್ಲಿ ಜಪಾನೀಸ್ ಬರುತ್ತಿರಲಿಲ್ಲ. ಕಲಿಯುತ್ತಲೇ ನಟಿಸಿ ಮನೆಮಾತಾದರು.

ಮನೆಗೆ ಬಂದ ಬಾಟಲಿ

ಈಗ ಬಾಟಲಿಯ ವಿಷಯಕ್ಕೆ ಬರೋಣ. ಎಷ್ಟೇ ಬೇಡವೆಂದರೂ ಜಪಾನಿನಿಂದ ಬರುವವರ ಸೂಟ್‌ಕೇಸಿನಲ್ಲಿ ಅದೊಂದು ಇದ್ದೇ ಇರುತ್ತದೆ. ವಿದೇಶದಿಂದ ಬರುವವರು ತಲಾ 2 ಲೀಟರ್‌ವರೆಗೆ ಸುಂಕವಿಲ್ಲದೆ ತರಬಹುದು. ಅತ್ತೆಯವರಿಗೆ ಗೊತ್ತಾಗಬಾರದೆಂದು ಬೀರುವಿನ ಮೂಲೆಯಲ್ಲಿ, ಪಂಚೆಗಳ ಹಿಂದೆ, ಕಾರಿನ ಡಿಕ್ಕಿಯಲ್ಲಿ ಅವಿತು ಕೂರುವ ಬಾಟಲಿಗಳ ಕಥೆ ಯಾರಿಗೆ ಗೊತ್ತಿಲ್ಲ?

ಈ ಕಣ್ಣಾಮುಚ್ಚಾಲೆ ನನಗೆ ಇಷ್ಟವಿಲ್ಲ. ಬಾಟಲಿ ಇಡುವುದೋ ಬೇಡವೋ ಎಂಬುದು ಆಯಾ ಮನೆಯ ತೀರ್ಮಾನ. ದೇವರ ಮನೆಯಿರುವ ಮನೆಯಲ್ಲಿ ಇದು ಬೇಡ ಎಂದು ಹಿರಿಯರು ಹೇಳಿದರೆ ಅದಕ್ಕೂ ಬೆಲೆಯಿದೆ. ಆದರೆ ಇಟ್ಟರೆ ಎಲ್ಲರಿಗೂ ಕಾಣುವಂತಿರಲಿ. ಕಾಣುವ ಬಾಟಲಿಯ ಮಟ್ಟ ಎಷ್ಟು ಇಳಿಯಿತೆಂದು ನಮಗೂ ಗೊತ್ತಾಗುತ್ತದೆ, ಅವರಿಗೂ ಗೊತ್ತಾಗುತ್ತದೆ. ಬಚ್ಚಿಟ್ಟದ್ದರ ಲೆಕ್ಕ ಇಡುವವರು ಯಾರು?

ರುಚಿ ಬಲ್ಲವರು ಜಪಾನೀ ವಿಸ್ಕಿಯನ್ನು ಬಹಳ ಹೊಗಳುತ್ತಾರೆ. ನೀರು ಬೆರೆಸಿ 'ಮಿಝುವಾರಿ', ಸೋಡಾ ಬೆರೆಸಿ 'ಹೈಬೋರು' ಮಾಡಿ, ಊಟದ ಜೊತೆ ನಿಧಾನವಾಗಿ ಹೀರುವುದು ಅಲ್ಲಿನವರ ರೂಢಿ. ಬಾರಿನಲ್ಲಿ ಇಡೀ ಬಾಟಲಿ ಕೊಂಡು ಹೆಸರು ಬರೆಸಿ ಅಲ್ಲೇ ಬಿಟ್ಟುಬರುವ ಪದ್ಧತಿಯೂ ಇದೆ, ಮುಂದಿನ ಸಲ ಹೋದಾಗ ಉಳಿದದ್ದನ್ನು ಮುಂದುವರಿಸುತ್ತಾರೆ. ನೀಟಾಗಿ ಜಪಾನೀ ಅಕ್ಷರ ಬರೆದ ಬಾಟಲಿಯೆಲ್ಲ ಜಪಾನೀ ವಿಸ್ಕಿ ಎಂದೇನಲ್ಲ. ಹೊರದೇಶದ ವಿಸ್ಕಿ ತರಿಸಿ ಬಾಟಲಿ ತುಂಬುವವರು ಹೆಚ್ಚಾದರೆಂದು ಅಲ್ಲಿನ ತಯಾರಕರ ಸಂಘ 2021ರಲ್ಲಿ ನಿಯಮ ಮಾಡಿತು. ಜಪಾನಿನ ನೀರು ಬಳಸಿ, ಅಲ್ಲೇ ತಯಾರಿಸಿ, ಕನಿಷ್ಠ 3 ವರ್ಷ ಅಲ್ಲೇ ಮಾಗಿಸಿ, ಅಲ್ಲೇ ಬಾಟಲಿ ತುಂಬಿದ್ದರೆ ಮಾತ್ರ ಸಂಘದ ಸದಸ್ಯರು ಆ ಹೆಸರು ಬಳಸಬಹುದು. ಹಣ ತೆರುವ ಮೊದಲು ಲೇಬಲ್ ಓದಬೇಕು. ಓದಲು ಮತ್ತೆ ಭಾಷೆ ಬೇಕು!

ಅಂದಹಾಗೆ, ವಿಸ್ಕಿಗಾಗಿ ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ ಎನ್ನುವವರಿದ್ದಾರೆ. ನಮ್ಮ ಮೈಸೂರು ರಸ್ತೆಯ ಕಂಬೀಪುರದಲ್ಲೇ ಕಾರ್ಖಾನೆಯಿರುವ, 1948ರಲ್ಲಿ ಶುರುವಾದ ಅಮೃತ್ ಕಂಪನಿ ತನ್ನ ಸಿಂಗಲ್ ಮಾಲ್ಟನ್ನು 2004ರಲ್ಲಿ ಬಿಡುಗಡೆ ಮಾಡಿದ್ದು ತಾಕೆತ್ಸುರು ಓದಿದ ಅದೇ ಗ್ಲಾಸ್ಗೋದಲ್ಲಿ. ಇದನ್ನು ಜಾಹೀರಾತಿಗೆಂದು ಹೇಳುತ್ತಿಲ್ಲ. "ಫಾರಿನ್ ಮಾಲು" ಎಂಬ ಮೋಹಕ್ಕೆ ಕಡಿವಾಣ ಬೀಳಲಿ ಎಂದಷ್ಟೇ.

ಲೆಕ್ಕ ಗೊತ್ತಿರಲಿ

ಮೆಚ್ಚಿಕೊಂಡು ಮಾತಾಡುವುದರ ಜೊತೆಗೆ ಲೆಕ್ಕವನ್ನೂ ಹೇಳಬೇಕಲ್ಲ. ಆರೋಗ್ಯಕ್ಕೆ ಸುರಕ್ಷಿತ ಎನ್ನಬಹುದಾದ ಮದ್ಯದ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಜಪಾನ್ ಸರ್ಕಾರವೇ 2024ರ ಫೆಬ್ರವರಿಯಲ್ಲಿ ಹೊರಡಿಸಿದ ಸೂಚನೆಯ ಪ್ರಕಾರ ದಿನಕ್ಕೆ ಗಂಡಸರು 40 ಗ್ರಾಂ, ಹೆಂಗಸರು 20 ಗ್ರಾಂ ಶುದ್ಧ ಆಲ್ಕೋಹಾಲ್ ಅಥವಾ ಅದಕ್ಕಿಂತ ಹೆಚ್ಚು ಸೇವಿಸಿದರೆ ಜೀವನಶೈಲಿಯ ಕಾಯಿಲೆಗಳ ಅಪಾಯ ಹೆಚ್ಚುತ್ತದೆ.

ಇದನ್ನು ನಮ್ಮ ಲೆಕ್ಕಕ್ಕೆ ತಂದರೆ ಹೇಗೆ? 60 ಮಿ.ಲೀ. ವಿಸ್ಕಿಯಲ್ಲಿ, ಅಂದರೆ ಒಂದು ಲಾರ್ಜ್ ಪೆಗ್ಗಿನಲ್ಲಿ, ಸುಮಾರು 20 ಗ್ರಾಂ ಆಲ್ಕೋಹಾಲ್ ಇರುತ್ತದೆ. ಎರಡು ಲಾರ್ಜ್ ಆಯಿತೆಂದರೆ ಗಂಡಸರ ಗೆರೆ ಮುಟ್ಟಿದಂತೆ. "ಬರೀ ಎರಡೇ ಕಣೇ" ಎನ್ನುವವರಿಗೆ ಈ ಲೆಕ್ಕ ತೋರಿಸಿ. ಸೋಡಾ ಬೆರೆಸಿದ ಮಾತ್ರಕ್ಕೆ ಲೆಕ್ಕ ಕಡಿಮೆಯಾಗುವುದಿಲ್ಲ.

ಇನ್ನೊಂದು ಎಚ್ಚರಿಕೆ. ಜಪಾನಿನಲ್ಲಿ ಕುಡಿದು ಗಾಡಿ ಓಡಿಸಿದವರಿಗಷ್ಟೇ ಅಲ್ಲ, ಗೊತ್ತಿದ್ದೂ ಆ ಗಾಡಿಯಲ್ಲಿ ಕೂತವರಿಗೆ, ಓಡಿಸುವವನಿಗೆ ಕುಡಿಸಿದವರಿಗೆ ಕೂಡ ಶಿಕ್ಷೆಯಿದೆ. 2024ರ ನವೆಂಬರ್‌ನಿಂದ ಸೈಕಲ್ಲಿಗೂ ಕಾನೂನು ಬಿಗಿಯಾಗಿದೆ. ಕುಡಿದು ಸೈಕಲ್ ತುಳಿದರೂ 3 ವರ್ಷದವರೆಗೆ ಜೈಲು ಅಥವಾ 5 ಲಕ್ಷ ಯೆನ್‌ವರೆಗೆ ದಂಡ. ಸ್ಟೇಷನ್ನಿನಿಂದ ಮನೆಗೆ ಸೈಕಲ್ಲಿನಲ್ಲಿ ಬರುವವರಿಗೆ ಇದನ್ನು ತಪ್ಪದೆ ಹೇಳಿ.

ಕುಡಿತ ಕೈಮೀರಿದೆ ಎನಿಸಿದರೆ ಮಾನಕ್ಕಂಜಿ ಮುಚ್ಚಿಡಬೇಡಿ. ನಮ್ಮ ಮಗ್ಗುಲಲ್ಲೇ, ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಮನೆಯಲ್ಲೇ ಕೂತು ಸಲಹೆ ಪಡೆಯಬಹುದು.

ಕನ್ನಡ ಬಲ್ಲವರಿಗೆ ಜಪಾನೀಸ್ ಅಷ್ಟು ದೂರವಲ್ಲ

"ಅಯ್ಯೋ, ಆ ಚಿತ್ರವಿಚಿತ್ರ ಅಕ್ಷರ ಯಾರು ಕಲೀತಾರೆ?" ಅನ್ನಬೇಡಿ. ನಿಮಗೊಂದು ಸಿಹಿಸುದ್ದಿ. ಜಪಾನೀಸ್ ವಾಕ್ಯ ಕಟ್ಟುವ ರೀತಿ ಇಂಗ್ಲಿಷಿಗಿಂತ ನಮ್ಮ ಕನ್ನಡಕ್ಕೇ ಹತ್ತಿರ. 'ನಾನು ನೀರು ಕುಡಿಯುತ್ತೇನೆ' ಎಂಬುದು 'ವಾತಾಶಿ ವಾ ಮಿಝು ಒ ನೋಮಿಮಾಸು'. ಕ್ರಿಯಾಪದ ನಮ್ಮಲ್ಲಿರುವಂತೆ ಕೊನೆಗೇ ಬರುತ್ತದೆ. 'ಕಂಪನಿಗೆ' ಎಂದು ನಾವು 'ಗೆ' ಹಚ್ಚುವ ಜಾಗದಲ್ಲಿ ಅವರು 'ಕಾಯ್‌ಶಾ ನಿ' ಎಂದು 'ನಿ' ಹಚ್ಚುತ್ತಾರೆ. 'ಹೋಗುತ್ತೀರಿ' ಎಂಬುದನ್ನು 'ಹೋಗುತ್ತೀರಾ' ಎಂದು ದೀರ್ಘ ಎಳೆದು ನಾವು ಪ್ರಶ್ನೆ ಮಾಡಿದರೆ ಅವರು 'ಇಕಿಮಾಸು' ಮುಂದೆ 'ಕಾ' ಇಟ್ಟು 'ಇಕಿಮಾಸು ಕಾ' ಎನ್ನುತ್ತಾರೆ. ಅಷ್ಟೇ!

ಅಕ್ಷರಮಾಲೆಯಲ್ಲೂ ನಮ್ಮ ಪರಿಚಯವೇ ಇದೆ. ಅ, ಇ, ಉ, ಎ, ಒ ಎಂಬ ಸ್ವರಗಳು, ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ ಸಾಲುಗಳು. ಬೌದ್ಧ ಭಿಕ್ಷುಗಳು ಸಂಸ್ಕೃತ ಕಲಿತದ್ದರಿಂದ ಬಂದ ಕ್ರಮ ಇದು. ಹಿರಾಗಾನಾದಲ್ಲಿ ಇರುವುದು 46 ಮೂಲ ಅಕ್ಷರ. ದಿನಕ್ಕೆ ಐದೈದರಂತೆ ಕಲಿತರೂ ಹತ್ತು ದಿನದ ಕೆಲಸ. ಹೊರಗಿನ ಪದ ಬರೆಯಲು ಬಳಸುವ ಕತಾಕಾನಾ ಕೂಡ ಅಷ್ಟೇ. ಚೀನೀ ಮೂಲದ ಕಾಂಜಿ ಅಕ್ಷರಗಳು ಮಾತ್ರ ನಿತ್ಯಬಳಕೆಗೇ 2,136 ಇವೆ. ಅವನ್ನು ನಿಧಾನವಾಗಿ ಕಲಿತರೆ ಸಾಕು.

ಇಂಗ್ಲಿಷ್ ಪದಕ್ಕೆ ಉಕಾರ ಅಂಟಿಸುವುದರಲ್ಲೂ ಅವರು ನಮ್ಮ ಅಣ್ಣತಮ್ಮಂದಿರೇ. ನಾವು 'ಬಸ್ಸು' ಅಂದರೆ ಅವರು 'ಬಾಸು', ನಮ್ಮ 'ಗ್ಲಾಸು' ಅವರ 'ಗುರಾಸು', ನಮ್ಮ 'ಹೋಟ್ಲು' ಅವರ 'ಹೊತೆರು'. 'ಬೀರು' ಮಾತ್ರ ಇಬ್ಬರಿಗೂ ಬೀರೇ!

ದಾಕ್ಷಿಣ್ಯದಲ್ಲೂ ನಾವು ಅವರು ಒಂದೇ. ಯಾರಾದರೂ ಏನಾದರೂ ಕೇಳಿದಾಗ ಮುಖಕ್ಕೆ ಹೊಡೆದಂತೆ 'ಇಲ್ಲ' ಎನ್ನದೆ "ನೋಡೋಣ ಬಿಡಿ" ಅನ್ನುತ್ತೇವಲ್ಲ, ಅವರು "ಚೊತ್ತೊ..." ಎಂದು ಎಳೆದು ನಿಲ್ಲಿಸುತ್ತಾರೆ. 'ಹಾಯ್' ಎಂದು ತಲೆಯಾಡಿಸಿದರೆ ಒಪ್ಪಿದರು ಎಂದಲ್ಲ. ಬಹಳ ಸಲ "ಹೂಂ, ಕೇಳಿಸಿಕೊಳ್ತಿದ್ದೀನಿ" ಎಂದಷ್ಟೇ ಅರ್ಥ. ಇದು ಗೊತ್ತಿಲ್ಲದೆ ಎಷ್ಟು ಜನ ಎಂಜಿನಿಯರುಗಳು "ಕ್ಲೈಂಟ್ ಓಕೆ ಅಂದ್ರು" ಎಂದು ಇಲ್ಲಿಗೆ ಮೇಲ್ ಕಳಿಸಿ ಪೇಚಿಗೆ ಸಿಲುಕಿದ್ದಾರೋ!

ಗಂಡನಿಗೆ ಕ್ಲಾಸು, ಹೆಂಡತಿಗೆ?

ನನ್ನ ನಿಜವಾದ ತಕರಾರು ಇರುವುದು ಇಲ್ಲಿ. ಜಪಾನಿಗೆ ಕಳಿಸುವಾಗ ಕೆಲವು ಕಂಪನಿಗಳು ಉದ್ಯೋಗಿಗೆ ಭಾಷಾ ತರಬೇತಿ ಕೊಡಿಸುತ್ತವೆ. ಜೊತೆಗೆ ಹೋಗುವ ಹೆಂಡತಿಗೆ? ಆಕೆಗೆ ಟಿಕೆಟ್ಟು, ವೀಸಾ ಅಷ್ಟೇ. ಯೋಚಿಸಿ ನೋಡಿ, ಅಲ್ಲಿ ಭಾಷೆ ಹೆಚ್ಚು ಬೇಕಾಗುವುದು ಯಾರಿಗೆ? ಆಫೀಸಿನಲ್ಲಿ ಇಂಗ್ಲಿಷ್ ಬಲ್ಲವರು ಒಬ್ಬಿಬ್ಬರಾದರೂ ಸಿಗುತ್ತಾರೆ. ಮಗುವಿಗೆ ಜ್ವರ ಬಂದಾಗ ಕ್ಲಿನಿಕ್ಕಿಗೆ ಓಡುವವಳು, ಶಾಲೆಯಿಂದ ಬಂದ ಜಪಾನೀಸ್ ಚೀಟಿ ಓದಬೇಕಾದವಳು, ಯಾವ ದಿನ ಯಾವ ಕಸ ಇಡಬೇಕೆಂದು ತಿಳಿದಿರಬೇಕಾದವಳು, ಸಾರಿನಂತೆ ಕಾಣುವ ಸೂಪಿನಲ್ಲಿ ಮೀನಿನ ತಿಳಿ ಬೆರೆತಿದೆಯೇ ಎಂದು ಕೇಳಬೇಕಾದವಳು ಹೆಂಡತಿ. ಎಲ್ಲರಿಗಿಂತ ಹೆಚ್ಚು ಮಾತು ಬೇಕಾದವಳನ್ನೇ ಮೂಕಿಯಾಗಿ ಕಳಿಸುತ್ತೇವೆ!

"ಎರಡು ವರ್ಷಕ್ಕೆ ಯಾಕೆ ಕಲೀಬೇಕು, ಫೋನೇ ಅನುವಾದ ಮಾಡತ್ತಲ್ಲ" ಎನ್ನುವವರಿದ್ದಾರೆ. ಹೌದು, ಈಗಿನ ಫೋನು ಲೇಬಲ್ ಓದಿ ಹೇಳುತ್ತದೆ, ಮಾತನ್ನೂ ತರ್ಜುಮೆ ಮಾಡುತ್ತದೆ. ಅಂಗಡಿಗೆ ಅದು ಸಾಕು. ಆದರೆ ಪಕ್ಕದ ಮನೆಯ ಅಜ್ಜಿಯ ಜೊತೆ ಫೋನು ಅಡ್ಡ ಹಿಡಿದು ಎಷ್ಟು ದಿನ ಹರಟೆ ಹೊಡೆಯಲು ಸಾಧ್ಯ? ಎರಡು ವರ್ಷವೆಂದರೆ ಏಳುನೂರಕ್ಕೂ ಹೆಚ್ಚು ದಿನ. ಅಷ್ಟು ದಿನ ನಾಲ್ಕು ಗೋಡೆಯೊಳಗೆ ಮೊಬೈಲ್ ನೋಡುತ್ತಾ ಕೂತರೆ ಆ ಬೇಸರ ಯಾರ ಮೇಲೆ ತಿರುಗುತ್ತದೆ? ಸಂಜೆ ಬಾಯಿ ಕಟ್ಟಿಹೋದ ಗಂಡ, ಹಗಲಿಡೀ ಬಾಯಿ ಕಟ್ಟಿಹೋದ ಹೆಂಡತಿ. ಇಬ್ಬರ ನಡುವೆ ಒಂದು ಬಾಟಲಿ. ಜಗಳಕ್ಕೆ ಇನ್ನೇನು ಬೇಕು?

ಕಲಿಯಲು ದಾರಿಗಳೂ ಇವೆ. ಬೆಂಗಳೂರಿನಲ್ಲಿ ಜಪಾನೀಸ್ ತರಗತಿಗಳಿಗೆ ಕೊರತೆಯಿಲ್ಲ. ಜೆಎಲ್‌ಪಿಟಿ ಪರೀಕ್ಷೆಯನ್ನು ಇಲ್ಲೇ ಬರೆಯಬಹುದು. ಎನ್5 ತೀರಾ ಸುಲಭದ ಹಂತ, ಎನ್1 ಕಠಿಣ. ಜಪಾನ್ ಫೌಂಡೇಷನ್‌ನ 'ಇರೊದೊರಿ' ಪಠ್ಯಪುಸ್ತಕ ಇಂಟರ್‌ನೆಟ್ಟಿನಲ್ಲಿ ಉಚಿತವಾಗಿ ಸಿಗುತ್ತದೆ, ಅದರಲ್ಲಿ ಅಂಗಡಿ, ಆಸ್ಪತ್ರೆ, ನೆರೆಹೊರೆಯ ಮಾತುಗಳೇ ಇವೆ. ಅಲ್ಲಿಗೆ ಹೋದ ಮೇಲೂ ಅನೇಕ ಊರುಗಳಲ್ಲಿ ಸ್ವಯಂಸೇವಕರು ಉಚಿತವಾಗಿ ಅಥವಾ ಅಲ್ಪ ಶುಲ್ಕಕ್ಕೆ ಪಾಠ ಹೇಳುತ್ತಾರೆ. ವಾರ್ಡ್ ಕಚೇರಿಯಲ್ಲಿ ವಿಚಾರಿಸಿ.

ಡಿಪೆಂಡೆಂಟ್ ವೀಸಾದಲ್ಲಿ ಹೋದವರು ಅನುಮತಿ ಪಡೆದು ವಾರಕ್ಕೆ 28 ಗಂಟೆವರೆಗೆ ಕೆಲಸ ಮಾಡಬಹುದು ಎಂಬುದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಆದರೆ ಹೆಚ್ಚಿನ ಕೆಲಸಗಳಿಗೆ ಒಂದಿಷ್ಟಾದರೂ ಭಾಷೆ ಬೇಕು. ಟೋಕಿಯೋದ ಎದೊಗಾವಾ ವಾರ್ಡಿನ ನಿಶಿ-ಕಸಾಯ್‌ನಲ್ಲಿ ಭಾರತೀಯರು ಬಹಳ ಮಂದಿ ಇದ್ದಾರೆ. 2000ದ ಹೊತ್ತಿನ ವೈ2ಕೆ ಗಡಿಬಿಡಿಯಲ್ಲಿ ಹೋದ ಎಂಜಿನಿಯರುಗಳಿಂದ ಬೆಳೆದ ವಸತಿ ಅದು. ಬೇಳೆ, ಮಸಾಲೆ, ಹಬ್ಬದ ಜೊತೆ ಎಲ್ಲ ಸಿಗುತ್ತದೆ. ಆ ವಾರ್ಡಿನ ಸಭೆಗೆ 2019ರಲ್ಲಿ ಭಾರತ ಮೂಲದ ಯೋಗೇಂದ್ರ ಪುರಾಣಿಕ್ ಆಯ್ಕೆಯೂ ಆದರು. ಅಲ್ಲಿನ ಭಾಷೆಯಲ್ಲಿ ಮತ ಕೇಳಿ ಗೆದ್ದವರು ಅವರು. ನಮ್ಮವರ ನಡುವೆಯೇ ಇರುವುದು ಹಿತ, ನಿಜ. ಆದರೆ ಅಲ್ಲಿಗೇ ನಿಂತುಬಿಟ್ಟರೆ ಬಿ.ಟಿ.ಎಂ. ಲೇಔಟ್ ಬಿಟ್ಟು ಬಂದು ಪ್ರಯೋಜನವೇನು?

ಹೊರಡುವ ಮೊದಲು ಗಂಡ-ಹೆಂಡತಿ ಕಲಿಯಬೇಕಾದ ಎಂಟು ಮಾತು

* ಯುಕ್ಕುರಿ ಹನಾಶಿತೆ ಕುದಾಸಾಯ್ – ದಯವಿಟ್ಟು ನಿಧಾನವಾಗಿ ಮಾತಾಡಿ.
* ಮೋ ಇಚಿದೊ ಒನೆಗಾಯ್ ಶಿಮಾಸು – ಇನ್ನೊಂದು ಸಲ ಹೇಳಿ.
* ನಿಹೊಂಗೊ ವಾ ಸುಕೊಶಿ ದಾಕೆ ದೆಸು – ನನಗೆ ಜಪಾನೀಸ್ ಸ್ವಲ್ಪವೇ ಬರುವುದು.
* ಒಸಾಕೆ ವಾ ನೋಮೆಮಾಸೆನ್ – ನಾನು ಮದ್ಯ ಕುಡಿಯಲಾರೆ.
* ಊರೊನ್ ಚಾ ಒ ಒನೆಗಾಯ್ ಶಿಮಾಸು – ನನಗೆ ಊಲಾಂಗ್ ಟೀ ಕೊಡಿ.
* ನಿಕು ಮೊ ಸಕಾನಾ ಮೊ ತಾಬೆಮಾಸೆನ್ – ನಾನು ಮಾಂಸವನ್ನೂ ಮೀನನ್ನೂ ತಿನ್ನುವುದಿಲ್ಲ.
* ಕೊಕೊ ಗಾ ಇತಾಯ್ ದೆಸು – ಇಲ್ಲಿ ನೋಯುತ್ತಿದೆ.
* ಕ್ಯೂಕ್ಯೂಶಾ ಒ ಒನೆಗಾಯ್ ಶಿಮಾಸು – ಆಂಬುಲೆನ್ಸ್ ಕಳಿಸಿ. (ಆಂಬುಲೆನ್ಸಿಗೆ 119, ಪೊಲೀಸರಿಗೆ 110.)

ಜಪಾನಿಗೆ ಹೊರಡುವ ಮನೆಗಳಲ್ಲಿ ಚಟ್ನಿಪುಡಿ, ಹುಳಿಪುಡಿ, ಅವಲಕ್ಕಿ ಕಟ್ಟುವ ಸಡಗರ ತಿಂಗಳ ಮೊದಲೇ ಶುರುವಾಗುತ್ತದೆ. ಅದರ ಜೊತೆಗೆ ಸಂಜೆ ಒಂದು ಗಂಟೆ ಇಬ್ಬರೂ ಒಟ್ಟಿಗೆ ಕೂತು ಪುಸ್ತಕ ಬಿಡಿಸಿ. ಕಂಪನಿಯವರು ಗಂಡನಿಗೆ ಕ್ಲಾಸು ಕೊಡಿಸಿದರೆ "ನನ್ನ ಹೆಂಡತಿಗೂ ಕೊಡಿಸಿ" ಎಂದು ಎಚ್‌ಆರ್‌ನವರನ್ನು ಕೇಳಲು ಹೇಳಿ. ಕೊಡದಿದ್ದರೆ ಕೈಯಿಂದ ಫೀಸು ಕಟ್ಟಿ. ಸೂಟ್‌ಕೇಸಿಗೆ, ಸ್ವೆಟರಿಗೆ ಸುರಿಯುವ ಹಣದ ಮುಂದೆ ಅದು ದೊಡ್ಡದಲ್ಲ.

ಪತಿರಾಯರು ಎಂದಾದರೂ ಒಂದು ಗ್ಲಾಸು ಹೈಬೋರು ಹಿಡಿದರೆಂದು ಮನೆ ಮುಳುಗುವುದಿಲ್ಲ. ನೆರೆಹೊರೆಯವರ ಹೆಸರು ಹಿಡಿದು ಮಾತಾಡಿಸುವಷ್ಟು ಭಾಷೆ ಬಂದವರು ಗ್ಲಾಸನ್ನು ಕೆಳಗಿಡುವುದನ್ನೂ ಬಲ್ಲರು ಎಂಬುದು ನನ್ನ ನಂಬಿಕೆ. ಮಾತಿಲ್ಲದ ಮನೆಯಲ್ಲಿ ಮಾತ್ರ ಬಾಟಲಿ ಮಾತಾಡಲು ಶುರುಮಾಡುತ್ತದೆ. ಏನಂತೀರಿ?